ಮಹಾಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು

ಬೆಂಗಳೂರಿನ ಹಳೆಯ ಕೋಟೆಗೆ ಸಮೀಪದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ, ಸ್ತ್ರೀಯರಿಗೂ ಶಿಶುಗಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆಯು ಇರುವುದನ್ನು ನಮ್ಮ ಸೀಮೆಯವರಲ್ಲಿ ಅರಿಯದವರು ವಿರಳ. ಸೋಲೂರು, ಕುದೂರು, ಮಾಗಡಿಗಳ ಹಳ್ಳಿಗಳಿಂದಲೂ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಕಡೆಯಿಂದಲೂ ಹೆರಿಗೆಯು ಕಷ್ಟವಾದಾಗ ಅಥವಾ ಎಳೆಯ ಮಗುವಿಗೆ ರೋಗವು ಬಲವಾದಾಗ ಜನರು ಅಲ್ಲಿಗೆ ಧಾವಿಸುವುದುಂಟು. ಆ ಬಾಗಿಲನ್ನು ಭಯದಿಂದ ಹೊಕ್ಕು, ಕೂಸನ್ನು ಎತ್ತಿಕೊಂಡು ನಗುನಗುತ್ತಾ ಹಿಂದಿರುಗಿದ ತಾಯಂದಿರು ಈ ಸಂಚಿಕೆಯನ್ನು ಓದುವವರ ಮನೆಗಳಲ್ಲಿಯೂ ಇದ್ದಾರು. ಆಸ್ಪತ್ರೆಯ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಆ ಹೆಸರನ್ನು ಹೊತ್ತಿದ್ದ ಮಹಿಳೆಯ ಚರಿತ್ರೆಯನ್ನು ತಿಳಿದವರು ಅಷ್ಟು ಮಂದಿಯಿಲ್ಲ. ಅವರು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡರು. ಏಳು ವರುಷಗಳಿಗೂ ಮೇಲ್ಪಟ್ಟು ಒಂದು ದೊಡ್ಡ ಸಂಸ್ಥಾನದ ಭಾರವನ್ನು ಹೊತ್ತರು. ಕಾಲ ಬಂದೊಡನೆ ಆ ಭಾರವನ್ನು ಮಗನಿಗೆ ಒಪ್ಪಿಸಿ ಹಿಂದೆ ಸರಿದರು. ಹೆಣ್ಣುಮಕ್ಕಳ ವಿದ್ಯಾಶಾಲೆಯ ಸ್ಮರಣ ಸಂಚಿಕೆಯಲ್ಲಿ ಅವರ ಜೀವಿತವನ್ನು ನೆನೆಯುವುದು ಉಚಿತವೆಂದು ತೋರಿದ್ದರಿಂದ ಈ ಕಿರುಲೇಖನವನ್ನು ಬರೆಯಲಾಗಿದೆ.

ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1866ನೆಯ ಇಸವಿಯಲ್ಲಿ ಜನಿಸಿದರು. ನಂಜನಗೂಡಿಗೆ ಸಮೀಪದ ಕಳಲೆಯ ಅರಸು ಮನೆತನವು ಅವರ ತವರು. ಈ ಮನೆತನಕ್ಕೂ ಮೈಸೂರಿನ ಒಡೆಯರ ವಂಶಕ್ಕೂ ಬಹುಕಾಲದಿಂದ ಸಂಬಂಧವು ನಡೆದು ಬಂದಿತ್ತು. 1878ನೆಯ ಇಸವಿಯಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವರಿಗೆ ಬಾಲರಾಜರಾದ ಚಾಮರಾಜೇಂದ್ರ ಒಡೆಯರವರೊಡನೆ ವಿವಾಹವಾಯಿತು. ಆಗ ಮೈಸೂರು ದೇಶವು ಇಂಗ್ಲಿಷರ ಕಮಿಷನರುಗಳ ಆಳ್ವಿಕೆಗೆ ಒಳಪಟ್ಟಿದ್ದಿತು. ಐವತ್ತು ವರುಷಗಳ ತರುವಾಯ, 1881ನೆಯ ಇಸವಿ ಮಾರ್ಚ್ ತಿಂಗಳಲ್ಲಿ, ರಾಜ್ಯವು ಪುನಃ ಒಡೆಯರ ವಂಶಕ್ಕೆ ಸೇರಿತು. ಹದಿನೆಂಟು ವರುಷದ ಚಾಮರಾಜೇಂದ್ರರು ಸಿಂಹಾಸನವನ್ನೇರಿದರು. ಅದೇ ವರುಷ ಎರಡು ಕಾರ್ಯಗಳು ಆರಂಭವಾದುವು. ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿ, ತಾಲ್ಲೂಕುಗಳ ಜನರು ತಮ್ಮ ಕಷ್ಟಸುಖಗಳನ್ನು ಸರ್ಕಾರದ ಮುಂದೆ ಅರಿಕೆ ಮಾಡಿಕೊಳ್ಳಲು ಅವಕಾಶವನ್ನು ಕಲ್ಪಿಸಿದರು. ಅಂಬಳೆ ನರಸಿಂಹ ಅಯ್ಯಂಗಾರ್ಯರ ಉದ್ಯಮದಿಂದ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ಸ್ಥಾಪಿತವಾಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಗೌರವಸ್ಥರು ಸಂಕೋಚಪಡುತ್ತಿದ್ದ ಕಾಲದಲ್ಲಿ ಅರಮನೆಯ ಹೆಸರೇ ಆ ಶಾಲೆಗೆ ಬೆಂಬಲವಾಯಿತು.

ಹದಿಮೂರು ವರುಷಗಳು ಸುಖವಾಗಿ ಕಳೆದುವು. ದಂಪತಿಗಳಿಗೆ ಇಬ್ಬರು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಇದ್ದರು. ಹೀಗಿರಲು 1894ನೆಯ ಇಸವಿಯ ಅಂತ್ಯದಲ್ಲಿ ಮಹಾರಾಜರು ಉತ್ತರ ದೇಶದ ಪ್ರವಾಸದಲ್ಲಿದ್ದಾಗ ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗಕ್ಕೆ ತುತ್ತಾದರು. ಡಿಸೆಂಬರ್ 28ನೆಯ ತಾರೀಖು, ಮೂವತ್ತೊಂದನೆಯ ವಯಸ್ಸಿನಲ್ಲಿ, ಸ್ವದೇಶದಿಂದ ಅಷ್ಟು ದೂರದಲ್ಲಿ ದೈವಾಧೀನರಾದರು. ಈ ಸಂದರ್ಭದಲ್ಲಿ ಒಂದು ಸಂಗತಿಯು ಗಮನಿಸತಕ್ಕದ್ದು. ಅದೇ 1894ನೆಯ ಇಸವಿಯಲ್ಲಿ ಬುಡಾಪೆಸ್ಟ್ ನಗರದಲ್ಲಿ ಸೇರಿದ ವೈದ್ಯರ ಮಹಾಸಭೆಯಲ್ಲಿ, ಪ್ಯಾರಿಸಿನ ಪ್ಯಾಶ್ಚರ್ ಸಂಸ್ಥೆಯ ಡಾಕ್ಟರ್ ರೂ ಎಂಬವರು ಈ ರೋಗಕ್ಕೆ ರಕ್ತರಸದ ಚಿಕಿತ್ಸೆಯಿಂದ ಗುಣವಾಗುವುದನ್ನು ನಿದರ್ಶನಗಳೊಡನೆ ತೋರಿಸಿಕೊಟ್ಟಿದ್ದರು. ಔಷಧವು ಲೋಕದಲ್ಲಿ ಹುಟ್ಟಿದ್ದಿತು. ಅದು ಮನೆಮನೆಯ ರೋಗಿಗೆ ಎಟುಕುವುದಕ್ಕೆ ಇನ್ನೂ ಕಾಲವು ಬೇಕಾಗಿದ್ದಿತು. ಔಷಧವಿರುವ ಸ್ಥಳಕ್ಕೂ ರೋಗಿಯಿರುವ ಸ್ಥಳಕ್ಕೂ ನಡುವಣ ದಾರಿಯು ರಾಜನಿಗೂ ದೀರ್ಘವಾಗಬಹುದಾದರೆ, ಹಳ್ಳಿಯ ಬಡವಳ ಪಾಡನ್ನು ಹೇಳುವುದೇನು! ಈ ದಾರಿಯನ್ನು ಹ್ರಸ್ವಗೊಳಿಸುವುದೇ ಸಾರ್ವಜನಿಕ ಆಸ್ಪತ್ರೆಯ ಆಡಳಿತದ ಮೊದಲನೆಯ ಕರ್ತವ್ಯವು. ಮಹಾರಾಣಿಯವರ ಮುಂದಿನ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಮಹತ್ವವು ಚೆನ್ನಾಗಿ ತಿಳಿದುಬರುತ್ತದೆ.

ಹಿರಿಯ ಮಗನಾದ ಕೃಷ್ಣರಾಜ ಒಡೆಯರವರಿಗೆ ಆಗ ಹತ್ತು ವರುಷ. 1895ನೆಯ ಇಸವಿ ಫೆಬ್ರವರಿಯಲ್ಲಿ ಅವರಿಗೆ ಪಟ್ಟವಾಯಿತು. ಅವರು ಪ್ರಾಪ್ತವಯಸ್ಕರಾಗುವವರೆಗೆ ತಾಯಿಯವರೇ ರೀಜೆಂಟರಾಗಿ ರಾಜ್ಯವನ್ನು ನಡೆಸತಕ್ಕದ್ದೆಂದು ನಿರ್ಣಯವಾಯಿತು. ಅಂದಿನಿಂದ ಅವರು ವಾಣೀವಿಲಾಸ ಸನ್ನಿಧಾನದವರೆಂದು ಪ್ರಸಿದ್ಧರಾದರು. ಅವರಿಗೆ ಸಹಾಯವಾಗಿ ಒಂದು ಕೌನ್ಸಿಲು ನೇಮಕವಾಯಿತು. ದಿವಾನ್ ಶೇಷಾದ್ರಿ ಅಯ್ಯರವರು, ಟಿ. ಆರ್. ಎ. ತಂಬೂಚೆಟ್ಟಿಯವರು, ಪಿ. ಎನ್. ಕೃಷ್ಣಮೂರ್ತಿಯವರು, ಅಬ್ದುಲ್ ರಹಮಾನ್ ಸಾಹೇಬರು ಇದರಲ್ಲಿದ್ದರು. ಹಿಂದೂ, ಕ್ರೈಸ್ತ, ಮುಸಲ್ಮಾನ ಮತಗಳ ಅನುಭವಸ್ಥರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬ ವಿಧವೆಯಾದ ರಾಣಿಯ ಹೆಸರಿನಲ್ಲಿ ರಾಜ್ಯಭಾರವನ್ನು ನಡೆಸಿದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿಯೇ ಸರಿ. ದಿವಾನರು ಪ್ರಬಲರು, ಇಂಗ್ಲಿಷ್ ಸರ್ಕಾರದ ರೆಸಿಡೆಂಟರ ದೃಷ್ಟಿಯು ಯಾವಾಗಲೂ ಸಂಸ್ಥಾನದ ಮೇಲೆ ಇದ್ದಿತು. ಆದಕಾರಣ ಆ ಕಾಲದ ಸಕಲ ಕಾರ್ಯಗಳನ್ನೂ ಮಹಾರಾಣಿಯವರೊಬ್ಬರದೆಂದು ಹೇಳುವುದು ಸತ್ಯವಾಗದು. ಪರಂತು ಅಂತಹ ಸಮರ್ಥರನ್ನು ಒಂದೆಡೆ ಇಟ್ಟುಕೊಂಡು, ಅವರ ಕಾರ್ಯಕ್ಕೆ ಭಂಗ ಬಾರದಂತೆ ರಾಜ್ಯವನ್ನು ಶಾಂತಿಯಿಂದ ಮುನ್ನಡೆಸಿ, ಮಗನ ಕೈಗೆ ಒಪ್ಪಿಸುವುದು ಸಾಮಾನ್ಯವಾದ ಕೆಲಸವಲ್ಲ. ಇಪ್ಪತ್ತೆಂಟು ವರುಷದ ತರುಣಿಯು ಇದನ್ನು ಮಾಡಿ ತೋರಿಸಿದರು.

ಆಗಿನ ಕಾಲದ ವೈದ್ಯಸಹಾಯದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬೆಂಗಳೂರು ಎರಡು ಊರುಗಳಾಗಿದ್ದಿತು. ದಂಡಿನ ಪ್ರದೇಶವು ಇಂಗ್ಲಿಷರದು, ಪೇಟೆಯು ಮೈಸೂರು ಸಂಸ್ಥಾನದ್ದು. ದಂಡಿನಲ್ಲಿ 1868ರಿಂದ ಬೌರಿಂಗ್ ಆಸ್ಪತ್ರೆಯು ಇದ್ದಿತು. 1886ರಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಸೇಂಟ್ ಮಾರ್ಥಾ ಆಸ್ಪತ್ರೆಯು ಸ್ಥಾಪಿತವಾಗಿದ್ದಿತು. ಪೇಟೆಯ ಜನಕ್ಕೂ ಸುತ್ತಣ ತಾಲ್ಲೂಕುಗಳ ಜನಕ್ಕೂ ತಕ್ಕಷ್ಟು ದೊಡ್ಡದಾದ ಸಂಸ್ಥಾನದ ಆಸ್ಪತ್ರೆಯು ಇನ್ನೂ ಬೇಕಾಗಿದ್ದಿತು. ಸ್ತ್ರೀಯರ ಪಾಡಂತೂ ಶೋಚನೀಯವಾಗಿದ್ದಿತು. ಗೋಷಾ ಪದ್ಧತಿಯ ಮನೆಗಳಲ್ಲಿ ಪುರುಷ ವೈದ್ಯರನ್ನು ಒಳಗೆ ಬಿಡುತ್ತಿರಲಿಲ್ಲ. ಹಳ್ಳಿಗಳಲ್ಲಿ ಸೂಲಗಿತ್ತಿಯ ಕೈಗುಣವೇ ಗತಿಯಾಗಿದ್ದಿತು. ಈ ಕೊರತೆಯನ್ನು ಕಂಡೇ 1885ರಲ್ಲಿ ವೈಸರಾಯರ ಪತ್ನಿಯಾದ ಲೇಡಿ ಡಫರಿನ್ ಅವರು ಭಾರತದ ಸ್ತ್ರೀಯರಿಗೆ ಸ್ತ್ರೀ ವೈದ್ಯರನ್ನು ಒದಗಿಸುವ ನಿಧಿಯನ್ನು ಸ್ಥಾಪಿಸಿದರು. ತಮಿಳು ಸೀಮೆಯ ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಯವರು ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಗಸರಿಗೆ ಸ್ತ್ರೀಯ ನೆರವನ್ನು ಬೇಡಿ ಬಂದು, ವೈದ್ಯನು ಪುರುಷನೆಂಬ ಕಾರಣದಿಂದ ಹಿಂದಿರುಗಿ, ಆ ಮೂವರು ಹೆಂಗಸರೂ ಮೃತರಾದುದನ್ನು ಕಂಡ ಐಡಾ ಸ್ಕಡ್ಡರ್ ಎಂಬ ತರುಣಿಯು ಅಮೆರಿಕದಲ್ಲಿ ವೈದ್ಯವಿದ್ಯೆಯನ್ನು ಕಲಿತು 1900ರಲ್ಲಿ ಹಿಂದಿರುಗಿ ವೆಲ್ಲೂರಿನಲ್ಲಿ ಆಸ್ಪತ್ರೆಯನ್ನು ಕಟ್ಟತೊಡಗಿದುದೂ ಇದೇ ಕಾಲದಲ್ಲಿಯೇ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ತೆರೆಯಿತು. ಹೀಗೆ ಮಿಷನರಿಗಳೂ ದಾನಿಗಳೂ ತಮ್ಮ ತಮ್ಮ ಶಕ್ತಿಯಿದ್ದಷ್ಟು ಮಾಡುತ್ತಿದ್ದರು. ಆದರೆ ದಾನದ ಹಣವು ಒಂದು ವರುಷ ಬಂದು ಇನ್ನೊಂದು ವರುಷ ನಿಲ್ಲಬಹುದು. ಪ್ರಜೆಗಳ ಆರೋಗ್ಯವು ಸರ್ಕಾರದ ಬೊಕ್ಕಸದ ನಿತ್ಯದ ಹೊಣೆಯೆಂದು ಒಪ್ಪಿಕೊಳ್ಳುವುದು ಬೇರೆಯೇ ಮಾತು.

ಮಹಾರಾಣಿಯವರ ಆಳ್ವಿಕೆಯಲ್ಲಿ ಈ ಹೊಣೆಯು ಕ್ರಮಕ್ರಮವಾಗಿ ರೂಪವನ್ನು ತಾಳಿತು. ಚಾಮರಾಜೇಂದ್ರರ ಹೆಸರಿನ ಹೆಸರಘಟ್ಟದ ಜಲಾಶಯದಿಂದ 1896ರಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ಈ ಜಲಾಶಯವು ಅರ್ಕಾವತಿಯ ಮೇಲಿನದು. ನಮ್ಮ ರಾಮನಗರ ಕನಕಪುರಗಳ ಮೂಲಕ ಹರಿದು ಕಾವೇರಿಯನ್ನು ಸೇರುವ ಆ ನದಿಯೇ ರಾಜಧಾನಿಗೆ ಮೊದಲು ಶುದ್ಧವಾದ ನೀರನ್ನು ಕೊಟ್ಟಿತೆಂಬುದು ನಮ್ಮ ಸೀಮೆಯವರಿಗೆ ಸಂತೋಷದ ಸಂಗತಿ. ಕೊಳೆಯ ನೀರಿನಿಂದ ಹರಡುವ ವಾಂತಿಭೇದಿಯ ಮುಂದೆ ನೂರು ಆಸ್ಪತ್ರೆಗಳು ಮಾಡದ ಕೆಲಸವನ್ನು ಒಂದು ಶುದ್ಧವಾದ ಕೊಳಾಯಿಯು ಮಾಡಬಲ್ಲದು. ಅದೇ 1896ರಲ್ಲಿ ಬೆಂಗಳೂರಿನಲ್ಲಿ ಕಣ್ಣಿನ ಚಿಕಿತ್ಸೆಗೆಂದೇ ಪ್ರತ್ಯೇಕವಾದ ಆಸ್ಪತ್ರೆಯು ಆರಂಭವಾಯಿತು. ಇದೇ 1913ರಲ್ಲಿ ಹೊಸ ಕಟ್ಟಡಕ್ಕೆ ಬಂದು ಮಿಂಟೋ ಕಣ್ಣಿನ ಆಸ್ಪತ್ರೆಯೆಂದು ಹೆಸರಾಯಿತು.

1897ನೆಯ ಇಸವಿಯು ಮಹಾರಾಣಿಯವರ ಜೀವಿತದಲ್ಲಿ ಪರೀಕ್ಷೆಯ ವರುಷ. ಆ ವರುಷದ ಆರಂಭದಲ್ಲಿ ಹಿರಿಯ ಮಗಳಾದ ಜಯಲಕ್ಷಮ್ಮಣ್ಣಿಯವರ ವಿವಾಹಸಮಯದಲ್ಲಿಯೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಹತ್ತಿತು. ತಲೆಮಾರುಗಳ ವೈಭವವು ಬೂದಿಯಾಯಿತು. ಹೊಸ ಅರಮನೆಯನ್ನು ಕಟ್ಟಿಸಲು ನಿಶ್ಚಯವಾಗಿ, ಆ ಕೆಲಸವು 1912ರವರೆಗೆ ನಡೆಯಿತು. ಆದರೆ ಅರಮನೆಯು ಸುಟ್ಟ ಅದೇ ವರುಷ, ಜೂನ್ 22ನೆಯ ತಾರೀಖು, ಬೆಂಗಳೂರಿನಲ್ಲಿ ಮಹಾರಾಣಿಯವರು ಇನ್ನೊಂದು ಕಟ್ಟಡಕ್ಕೆ ಅಡಿಗಲ್ಲನ್ನು ಇಟ್ಟರು. ವಿಕ್ಟೋರಿಯಾ ರಾಣಿಯವರ ಅರುವತ್ತು ವರುಷಗಳ ಆಳ್ವಿಕೆಯ ಸ್ಮಾರಕವಾಗಿ ಏಳಬೇಕಾದ ಆಸ್ಪತ್ರೆಯು ಅದು. ಸ್ವಂತ ಮನೆಯು ಉರಿದುಹೋದ ಕಾಲದಲ್ಲಿ ಪ್ರಜೆಗಳ ಆಸ್ಪತ್ರೆಯ ಕೆಲಸವನ್ನು ಮುಂದಿನ ವರುಷಕ್ಕೆ ತಳ್ಳಿದ್ದರೂ ಯಾರೂ ದೂರುತ್ತಿರಲಿಲ್ಲ. ಆದರೆ ಅದು ಮುಂದಕ್ಕೆ ಹೋಗಲಿಲ್ಲ. 140 ಹಾಸಿಗೆಗಳ ವಿಕ್ಟೋರಿಯಾ ಆಸ್ಪತ್ರೆಯು ಮೂರು ವರುಷಗಳಲ್ಲಿ ಸಿದ್ಧವಾಗಿ, 1900ನೆಯ ಇಸವಿ ಡಿಸೆಂಬರ್ 8ನೆಯ ತಾರೀಖು ವೈಸರಾಯರಾದ ಲಾರ್ಡ್ ಕರ್ಜನರಿಂದ ತೆರೆಯಲ್ಪಟ್ಟಿತು. ಅರಮನೆಗಿಂತ ಹನ್ನೆರಡು ವರುಷ ಮೊದಲೇ ಆಸ್ಪತ್ರೆಯು ಸಿದ್ಧವಾದುದನ್ನು ಚರಿತ್ರೆಯನ್ನೋದುವ ಮಕ್ಕಳು ನೆನಪಿನಲ್ಲಿಡಬೇಕು.

ಈ ಮೂರು ವರುಷಗಳ ನಡುವೆ ಸಂಸ್ಥಾನಕ್ಕೆ ಮತ್ತೊಂದು ಘೋರವಾದ ವಿಪತ್ತು ಒದಗಿತು. 1896ರಲ್ಲಿ ಬೊಂಬಾಯಿಗೆ ಬಂದಿದ್ದ ಪ್ಲೇಗ್ ಮಾರಿಯು 1898ನೆಯ ಇಸವಿ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಇಲಿಗಳು ಸತ್ತು ಬೀಳುವುದೂ, ಅನಂತರ ಮನುಷ್ಯರು ಸಾಯುವುದೂ ಮೊದಲಾಯಿತು. ಜನರು ಮನೆಗಳಿಗೆ ಬೀಗವಿಕ್ಕಿ ಹಳ್ಳಿಗಳ ಕಡೆಗೆ ಓಡಿದರು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನಿಯಮಿತರಾದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಊರ ಹೊರಗೆ ಬಿಡಾರಗಳು, ಮನೆಗಳ ಶುದ್ಧಿ, ಚುಚ್ಚುಮದ್ದು ಮುಂತಾದ ಏರ್ಪಾಡುಗಳು ನಡೆದುವು. ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳಲ್ಲಿ ಗಾಳಿಬೆಳಕುಳ್ಳ ಮನೆಗಳು ಎದ್ದುದಕ್ಕೆ ಈ ಭಯವೂ ಒಂದು ಕಾರಣವಾಯಿತು.

ಆದರೆ ಈ ಏರ್ಪಾಡುಗಳಿಂದಲೇ ಇನ್ನೊಂದು ಕಷ್ಟವು ಹುಟ್ಟಿತು. ರೋಗಿಯನ್ನು ಮನೆಯಿಂದ ಎಬ್ಬಿಸಿ ಬಿಡಾರಕ್ಕೆ ಒಯ್ಯುವುದನ್ನು ಜನರು ಮರಣಕ್ಕಿಂತಲೂ ಹೆಚ್ಚಾಗಿ ಹೆದರಿದರು. ತಾಯಿಯನ್ನು ಮಗನಿಂದ, ಹೆಂಡತಿಯನ್ನು ಗಂಡನಿಂದ ಅಗಲಿಸಿ ಒಯ್ದರೆ ಅಲ್ಲಿ ಏನಾಗುವುದೆಂದು ಹೇಳುವವರು ಯಾರು? ಹೋದವರು ಹಿಂದಿರುಗುವರೋ ಇಲ್ಲವೋ? ಹೀಗೆ ರೋಗವನ್ನು ಮುಚ್ಚಿಡುವುದು, ಹೆಣವನ್ನು ಅಡಗಿಸುವುದು, ಊರಿಂದೂರಿಗೆ ಗುಟ್ಟಾಗಿ ಹೋಗುವುದು ಹೆಚ್ಚಿತು. ಇವುಗಳಿಂದ ರೋಗವೂ ಹೆಚ್ಚಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗ್ ನಿಬಂಧನೆಗಳಿಗೆ ವಿರೋಧವಾಗಿ ಜನರು ದಂಗೆಯೆದ್ದರು. ಸರ್ಕಾರದ ಉದ್ದೇಶವು ಒಳ್ಳೆಯದಾಗಿದ್ದಿತು, ವೈದ್ಯರ ಶಾಸ್ತ್ರವೂ ಸರಿಯಾಗಿದ್ದಿತು; ಆದರೂ ರೋಗಿಯ ಬಂಧುವಿಗೆ ವಿಶ್ವಾಸವು ಹುಟ್ಟದಿದ್ದರೆ ಅವೆಲ್ಲವೂ ನಿಷ್ಫಲವೆಂಬುದನ್ನು ಆ ವರುಷವು ಕಲಿಸಿತು. ರೋಗಿಯೊಡನೆ ಬಂದವರನ್ನು ಬಾಗಿಲಾಚೆ ನಿಲ್ಲಿಸುವ ಆಸ್ಪತ್ರೆಯು ಎಷ್ಟು ದೊಡ್ಡದಾದರೂ ಜನರ ಆಸ್ಪತ್ರೆಯಾಗಲಾರದು. ಈ ಪಾಠವು ನೂರ ಇಪ್ಪತ್ತೈದು ವರುಷಗಳಾಚೆಗೂ ಹಳೆಯದಾಗಿಲ್ಲ.

ವಿಕ್ಟೋರಿಯಾ ಆಸ್ಪತ್ರೆಯು ತೆರೆದ ಕಾಲದಲ್ಲಿ ನಮ್ಮ ಸೋಲೂರಿನಿಂದ ಒಬ್ಬ ರೋಗಿಯು ಅಲ್ಲಿಗೆ ಹೋಗಬೇಕಾದರೆ ಪಡಬೇಕಾಗಿದ್ದ ಶ್ರಮವನ್ನು ಊಹಿಸಿಕೊಳ್ಳಬಹುದು. ಸೋಲೂರಿಗೂ ಬೆಂಗಳೂರಿಗೂ ನಡುವೆ ಸುಮಾರು ಮೂವತ್ತು ಮೈಲಿ. ಮೈಸೂರಿನ ರೈಲು ದಾರಿಯು 1882ರ ವೇಳೆಗೆ ಚನ್ನಪಟ್ಟಣ, ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರಗಳ ಮೂಲಕ ಓಡಾಡುತ್ತಿದ್ದಿತು. 1884ರಿಂದ ತುಮಕೂರಿನ ದಾರಿಯೂ ಇದ್ದಿತು. ಆದರೆ ಮಾಗಡಿಗೂ ಕನಕಪುರಕ್ಕೂ ಸೋಲೂರಿಗೂ ರೈಲಿರಲಿಲ್ಲ. ಎತ್ತಿನ ಗಾಡಿಗೆ ಕಮಾನು ಕಟ್ಟಿ, ಹುಲ್ಲು ಹಾಸಿ, ಅದರ ಮೇಲೆ ರೋಗಿಯನ್ನು ಮಲಗಿಸಬೇಕು. ರಾಗಿಹಿಟ್ಟು, ಬುತ್ತಿ, ಎತ್ತಿಗೆ ಮೇವು, ಎಲ್ಲವನ್ನೂ ಜೊತೆಗೆ ಒಯ್ಯಬೇಕು. ಗಂಟೆಗೆ ಎರಡು ಮೈಲಿಯ ನಡಿಗೆಯಲ್ಲಿ ನೆಲಮಂಗಲವನ್ನು ದಾಟಿ ಬೆಂಗಳೂರನ್ನು ಸೇರುವುದರಲ್ಲಿ ಹಗಲು ಕಳೆದು ರಾತ್ರಿಯಾಗುತ್ತಿದ್ದಿತು. ಬಸುರಿಗೆ ಬೇನೆ ಎದ್ದ ಮೇಲೆ ಹೊರಡುವ ಗಾಡಿಯಲ್ಲಿ ಎಷ್ಟು ಜೀವಗಳು ದಾರಿಯಲ್ಲೇ ಮುಗಿದುವೋ ಯಾವ ದಫ್ತರದಲ್ಲಿಯೂ ಬರೆದಿಲ್ಲ. ಊರನ್ನು ಸೇರಿದ ಮೇಲೆ ಗಾಡಿಯನ್ನು ಎಲ್ಲಿ ಬಿಡುವುದು, ಜೊತೆಯ ಮುದುಕಿಯು ಎಲ್ಲಿ ಅಡಿಗೆ ಮಾಡುವುದು, ರಾತ್ರಿ ಎಲ್ಲಿ ಮಲಗುವುದು ಎಂಬ ಚಿಂತೆಯು ರೋಗದ ಚಿಂತೆಗೆ ಸೇರುತ್ತಿದ್ದಿತು.

ಇಂತಹ ಸಮಯಗಳಲ್ಲಿ ನಮ್ಮ ದೇಶದ ಹಳೆಯ ಛತ್ರಧರ್ಮವು ಆಸರೆಯಾಗುತ್ತಿದ್ದಿತು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ತೆರೆಯಿತು. ಪರವೂರಿನಿಂದ ಬಂದವನಿಗೆ ನೆರಳನ್ನೂ ನೀರನ್ನೂ ಕೊಡುವುದು ಪುಣ್ಯಕಾರ್ಯವೆಂದು ತಿಳಿದಿದ್ದ ಜನರು ಅವರು. ಆಸ್ಪತ್ರೆಯ ಚಿಕಿತ್ಸೆಯು ಸರ್ಕಾರದ ಕೆಲಸ, ರೋಗಿಯ ಬಂಧುಗಳ ತಂಗುವಿಕೆಯು ಧರ್ಮಿಷ್ಠರ ಕೆಲಸ ಎಂಬಂತೆ ಆ ಕಾಲದಲ್ಲಿ ಹೊರೆಯು ಹಂಚಿಹೋಗಿದ್ದಿತು. ಆದರೆ ದೂರದ ರೋಗಿಗೆ ಈ ಎರಡೂ ಒಂದೇ ಕಾರ್ಯದ ಎರಡು ಭಾಗಗಳು. ಒಂದು ತಪ್ಪಿದರೆ ಇನ್ನೊಂದರಿಂದ ಪ್ರಯೋಜನವಿಲ್ಲ.

1902ನೆಯ ಇಸವಿ ಆಗಸ್ಟ್ 8ನೆಯ ತಾರೀಖು, ಹದಿನೆಂಟು ವರುಷ ತುಂಬಿದ ಕೃಷ್ಣರಾಜ ಒಡೆಯರವರಿಗೆ ಲಾರ್ಡ್ ಕರ್ಜನರ ಸಮಕ್ಷಮದಲ್ಲಿ ರಾಜ್ಯಾಧಿಕಾರವು ಪ್ರಾಪ್ತವಾಯಿತು. ಆ ಆಳ್ವಿಕೆಯ ಕೊನೆಯ ವರುಷದಲ್ಲಿಯೇ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಚಿತ್ರದುರ್ಗದ ಸೀಮೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಅಣೆಕಟ್ಟು ಇನ್ನೂ ಮುಗಿದಿರಲಿಲ್ಲ. ಅದು 1907ರಲ್ಲಿ ಪೂರ್ತಿಯಾಗಿ ವಾಣೀವಿಲಾಸ ಸಾಗರವೆಂದು ಅವರ ಹೆಸರನ್ನೇ ಹೊತ್ತಿತು. ಅಧಿಕಾರದ ರುಚಿಯನ್ನು ಕಂಡವರು ಅದನ್ನು ಬಿಡುವುದು ಲೋಕದಲ್ಲಿ ಅಪರೂಪ. ಮಹಾರಾಣಿಯವರು ಮೂವತ್ತಾರನೆಯ ವಯಸ್ಸಿನಲ್ಲಿ ಅದನ್ನು ಮಗನಿಗೆ ಬಿಟ್ಟುಕೊಟ್ಟು, ಮಹಾಮಾತೃಶ್ರೀಯೆಂಬ ಗೌರವದಲ್ಲಿಯೇ ತೃಪ್ತರಾಗಿ ಮುಂದಣ ಮೂವತ್ತೆರಡು ವರುಷಗಳನ್ನು ಕಳೆದರು.

ಅವರ ಉತ್ತರಜೀವಿತವು ಶೋಕವಿಲ್ಲದ್ದಾಗಿರಲಿಲ್ಲ. ಎರಡನೆಯ ಮಗಳಾದ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ಬಲಿಯಾದರು. ಆ ರಾಜಕುಮಾರಿಯ ಹೆಣ್ಣುಮಕ್ಕಳೂ ಅದೇ ರೋಗದಿಂದ ಅಕಾಲದಲ್ಲಿ ಮೃತರಾದರು. ಹಣಕ್ಕೂ ವೈದ್ಯರಿಗೂ ಕೊರತೆಯಿಲ್ಲದ ಅರಮನೆಯಲ್ಲಿಯೇ ಹೀಗಾಯಿತು. ಕ್ಷಯಕ್ಕೆ ಔಷಧವಿಲ್ಲದ ಕಾಲವು ಅದು. ಶುದ್ಧವಾದ ಗಾಳಿ, ಒಳ್ಳೆಯ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ ಇವೇ ಚಿಕಿತ್ಸೆ. ರಾಜಕುಮಾರಿಯ ಸ್ಮರಣೆಗಾಗಿ ಮೈಸೂರಿನಲ್ಲಿ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಚಿಕಿತ್ಸಾಲಯವು 1921ರಲ್ಲಿ ಆರಂಭವಾಯಿತು. ಅರಮನೆಯ ದುಃಖವು ಅರಮನೆಯ ಗೋಡೆಗಳೊಳಗೆ ಮುಗಿಯದೆ ಪ್ರಜೆಗಳ ಉಪಕಾರಕ್ಕೆ ತಿರುಗಿತು. ಕ್ಷಯದ ಚಿಕಿತ್ಸೆಯು ಮನೆಯನ್ನು ಬಿಟ್ಟು ದೂರದಲ್ಲಿ ದೀರ್ಘಕಾಲ ಇರಬೇಕಾದ ಚಿಕಿತ್ಸೆ. ಸಂಸಾರದ ಗಳಿಕೆಯು ನಿಂತು, ಮಕ್ಕಳು ಅನ್ಯರ ಪಾಲಾಗುವ ಭಯದಿಂದ ರೋಗಿಯು ಅರ್ಧದಲ್ಲೇ ಎದ್ದು ಬರುವುದುಂಟು. ರೋಗಿಯ ಹಾಸಿಗೆಯ ಬಳಿಯ ಔಷಧವಷ್ಟೇ ಅಲ್ಲದೆ, ಅವನು ಬಿಟ್ಟು ಬಂದ ಮನೆಯ ಒಲೆಯೂ ಚಿಕಿತ್ಸೆಗೆ ಸೇರಿದ್ದೆಂಬುದನ್ನು ಈ ರೋಗವು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಮಹಾಮಾತೃಶ್ರೀಯವರು 1934ನೆಯ ಇಸವಿಯಲ್ಲಿ ಕಾಲವಶರಾದರು. ಮರುವರುಷ, ಮಾರ್ಚ್ 8ನೆಯ ತಾರೀಖು, ಮಗನಾದ ಕೃಷ್ಣರಾಜ ಒಡೆಯರವರು ಬೆಂಗಳೂರಿನಲ್ಲಿ ಸ್ತ್ರೀಯರ ಮತ್ತು ಮಕ್ಕಳ ದೊಡ್ಡ ಆಸ್ಪತ್ರೆಯನ್ನು ತೆರೆದರು. ಅದಕ್ಕೆ ವಾಣೀವಿಲಾಸವೆಂಬ ಹೆಸರಾಯಿತು. ತಾಯಿಯು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿಯೇ ತಾಯಿಯ ಹೆಸರಿನ ಆಸ್ಪತ್ರೆಯು ನಿಂತಿತು. ಆಳಿದವರಿಗೆ ಪ್ರತಿಮೆಗಳನ್ನು ನಿಲ್ಲಿಸುವುದುಂಟು. ಬಡ ಬಸುರಿಯು ಚೀಟಿಯನ್ನು ಹಿಡಿದು ನಿಲ್ಲುವ ಬಾಗಿಲಿಗೆ ಒಬ್ಬ ತಾಯಿಯ ಹೆಸರನ್ನು ಇಡುವುದು ಅದಕ್ಕಿಂತ ಮಿಗಿಲಾದ ಗೌರವವು.

ಅನಂತರ ಕಾಲವು ಬಹಳ ಬದಲಾಯಿತು. ಸಂಸ್ಥಾನವು ಹೋಗಿ ಪ್ರಜಾಪ್ರಭುತ್ವವು ಬಂದಿತು. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಸ್ಥಾಪಿತವಾಗಿ, ವಿಕ್ಟೋರಿಯಾ, ವಾಣೀವಿಲಾಸ, ಮಿಂಟೋ ಆಸ್ಪತ್ರೆಗಳು ಕ್ರಮೇಣ ಅದಕ್ಕೆ ಸೇರಿದುವು. ಈಗ ಆ ಸಂಸ್ಥೆಗೆ ತನ್ನದೇ ಆದ ಆಡಳಿತ ಮಂಡಲಿಯಿದೆ. ರಾಣಿಯೂ ಕೌನ್ಸಿಲಿನವರೂ ಹೊತ್ತಿದ್ದ ಹೊಣೆಯು ಮಂತ್ರಿಗಳಿಗೂ ಅಧಿಕಾರಿಗಳಿಗೂ, ಕೊನೆಗೆ ಮತವನ್ನು ಕೊಡುವ ನಮಗೂ ಬಂದಿದೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳು ಏರ್ಪಟ್ಟುವು. ಊರಿನ ಜನರ ಮಾತಿಗೂ ಅಲ್ಲಿ ಸ್ಥಳವಿದೆ. 1881ರ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕಿನವರು ಅರಿಕೆ ಮಾಡಿಕೊಳ್ಳುತ್ತಿದ್ದರು; ಈ ಸಮಿತಿಗಳಲ್ಲಿ ಅರಿಕೆಯ ಬದಲು ಲೆಕ್ಕವನ್ನು ಕೇಳುವ ಅಧಿಕಾರವೇ ಇದೆ. ಕೇಳುವವರು ಬರಬೇಕಾದುದೊಂದೇ ಉಳಿದಿರುವುದು.

ದಾರಿಯ ಕಷ್ಟವೂ ಬಹುಮಟ್ಟಿಗೆ ತಗ್ಗಿದೆ. ಸೋಲೂರಿನ ಮೂಲಕ ಮಂಗಳೂರಿನ ಹೆದ್ದಾರಿಯು ಹಾದುಹೋಗುತ್ತದೆ; 2017ರಲ್ಲಿ ಬೆಂಗಳೂರು ಹಾಸನಗಳ ನಡುವಣ ರೈಲು ದಾರಿಯು ಪೂರ್ತಿಯಾಗಿ ಸೋಲೂರಿಗೂ ನಿಲ್ದಾಣವು ಬಂದಿತು. 2008ರಿಂದ 108ಕ್ಕೆ ಕರೆ ಮಾಡಿದರೆ ಬರುವ ಆಂಬುಲೆನ್ಸಿನ ಏರ್ಪಾಡು ನಮ್ಮ ರಾಜ್ಯದಲ್ಲಿ ನಡೆದಿದೆ. 2011ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ತಾಯಿಗೆ ಔಷಧ, ಪರೀಕ್ಷೆ, ರಕ್ತ ಇವುಗಳಿಗೆ ಹಣವನ್ನು ತೆರಬೇಕಾದುದಿಲ್ಲ. ಸಹಜವಾದ ಹೆರಿಗೆಗೆ 3 ದಿನ, ಶಸ್ತ್ರಚಿಕಿತ್ಸೆಯ ಹೆರಿಗೆಗೆ 7 ದಿನ ಊಟವು ಉಚಿತ. ಮನೆಯಿಂದ ಆಸ್ಪತ್ರೆಗೂ, ಒಂದು ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೂ, ಕೊನೆಗೆ ಕೂಸಿನೊಡನೆ ಮನೆಗೂ ವಾಹನವು ಉಚಿತ. ಕಮಾನುಗಾಡಿಯ ಕಾಲದಲ್ಲಿ ಬಡವರು ಸಾಲಮಾಡಿ ಹೊರುತ್ತಿದ್ದ ಹೊರೆಯನ್ನು ರಾಜ್ಯವು ತನ್ನ ಹೆಗಲಿಗೆ ತೆಗೆದುಕೊಂಡಿದೆ. ಇದು ತಾಯಿಗೆ ಸಲ್ಲಬೇಕಾದ ಹಕ್ಕೇ ಹೊರತು ಯಾರೂ ಮಾಡುವ ದಯೆಯಲ್ಲವೆಂಬುದನ್ನು ಪ್ರತಿಯೊಬ್ಬ ತಾಯಿಯೂ ಅರಿತಿರಬೇಕು.

ಆದರೂ ಉಳಿದ ಕೊರತೆಯೊಂದಿದೆ. ತಾಯಿಗೆ ಊಟವುಂಟು, ಜೊತೆಗೆ ಬಂದ ಅಜ್ಜಿಗೆ ಊಟವೆಲ್ಲಿ? ರೋಗಿಗೆ ಹಾಸಿಗೆಯುಂಟು, ಹಗಲೆಲ್ಲ ಔಷಧಕ್ಕೂ ಚೀಟಿಗೂ ಓಡಾಡಿದ ಗಂಡನು ರಾತ್ರಿ ಎಲ್ಲಿ ಮಲಗಬೇಕು? ಕೂಲಿಯಿಂದ ಬಾಳುವ ಮನೆಯಲ್ಲಿ ಇಬ್ಬರು ಹತ್ತು ದಿನ ಬೆಂಗಳೂರಿನಲ್ಲಿ ನಿಂತರೆ ಹತ್ತು ದಿನದ ಕೂಲಿಯು ಹೋಯಿತು. ಆಸ್ಪತ್ರೆಯ ಚಿಕಿತ್ಸೆಯು ಉಚಿತವಾಗಿದ್ದರೂ ಅದನ್ನು ಪಡೆಯುವುದಕ್ಕೆ ತಗಲುವ ವೆಚ್ಚದಿಂದಲೇ ಕುಟುಂಬಗಳು ಬಳಲುವುದುಂಟು. ದೂರದಿಂದ ಬಂದ ರೋಗಿಗೆ ಯಾವ ಬಾಗಿಲಿಗೆ ಹೋಗಬೇಕೆಂದು ಕನ್ನಡದಲ್ಲಿ ಸೌಮ್ಯವಾಗಿ ಹೇಳುವ ಒಬ್ಬರಿದ್ದರೂ ಅರ್ಧ ದಿನವು ಉಳಿಯುತ್ತದೆ. ಇವೆಲ್ಲವೂ ಕೋಟಿ ರೂಪಾಯಿಗಳ ಯಂತ್ರಗಳಲ್ಲ. ಒಂದು ತಂಗುದಾಣ, ಒಂದು ಅಡಿಗೆಮನೆ, ನೆರವಿನ ಮೇಜು, ಮರಳಿ ಬರಬೇಕಾದ ದಿನವನ್ನು ಸ್ಪಷ್ಟವಾಗಿ ಬರೆದುಕೊಟ್ಟ ಚೀಟಿ ಇಷ್ಟೇ ಸಾಕು. ಆದರೆ ಇವು ಒಂದು ದಿನದ ಉತ್ಸಾಹದಿಂದ ಆಗುವ ಕೆಲಸಗಳಲ್ಲ. ಆಡಳಿತದ ಲೆಕ್ಕದಲ್ಲಿ ವರುಷವರುಷವೂ ಅವುಗಳಿಗೆ ಒಂದು ಸಾಲು ಇರಬೇಕು.

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ದಾದಿಯರಾದವರೂ, ಉಪಾಧ್ಯಾಯಿನಿಯರಾದವರೂ, ಗ್ರಾಮ ಪಂಚಾಯಿತಿಯ ಸದಸ್ಯೆಯರಾದವರೂ, ಮನೆಯನ್ನು ನಡೆಸುವ ಗೃಹಿಣಿಯರೂ ಇದ್ದಾರೆ. ಕೆಂಪನಂಜಮ್ಮಣ್ಣಿಯವರು ವೈದ್ಯವಿದ್ಯೆಯನ್ನು ಕಲಿತವರಲ್ಲ. ಯಾರ ನಾಡಿಯನ್ನೂ ಹಿಡಿದು ನೋಡಿದವರಲ್ಲ. ತಮಗೆ ಒದಗಿದ ಅಧಿಕಾರವನ್ನು ಅವರು ತಮ್ಮ ಅರಮನೆಗಿಂತ ಮೊದಲು ಪ್ರಜೆಗಳ ಆಸ್ಪತ್ರೆಯು ಮುಗಿಯುವಂತೆ ಬಳಸಿದರು. ನಮ್ಮಲ್ಲಿ ಯಾರಿಗೂ ಅಷ್ಟು ಅಧಿಕಾರವು ಬಾರದಿರಬಹುದು. ಆದರೆ ನೆರೆಮನೆಯ ಬಸುರಿಗೆ ದಿನಗಳು ತುಂಬುವ ಮೊದಲೇ ತಾಯಿ ಕಾರ್ಡನ್ನು ಹೊಂದಿಸಿಕೊಡುವುದು, 108ಕ್ಕೆ ಕರೆ ಮಾಡುವುದು, ಬೆಂಗಳೂರಿನಲ್ಲಿ ಮನೆಯಿರುವವರು ಊರಿನಿಂದ ಬಂದ ರೋಗಿಯ ಜೊತೆಗಾರರಿಗೆ ಎರಡು ರಾತ್ರಿ ಜಗಲಿಯಲ್ಲಿ ಸ್ಥಳವನ್ನೂ ಒಂದು ಮುದ್ದೆ ಊಟವನ್ನೂ ಕೊಡುವುದು, ತಾಲ್ಲೂಕಿನ ಆಸ್ಪತ್ರೆಯ ಸಮಿತಿಯ ಸಭೆಗೆ ಹೋಗಿ ಲೆಕ್ಕವನ್ನು ಕೇಳುವುದು ಇವು ಎಲ್ಲರ ಕೈಯಲ್ಲಿಯೂ ಇರುವ ಕೆಲಸಗಳು. ವಾಣೀವಿಲಾಸದ ಬಾಗಿಲನ್ನು ಮುಂದಿನ ಸಲ ಹೊಕ್ಕಾಗ, ಅಲ್ಲಿ ಗೋಡೆಯ ಬಳಿ ಕುಳಿತಿರುವ ಪರವೂರಿನ ಮುದುಕಿಯನ್ನು ಊಟವಾಯಿತೇ ಎಂದು ವಿಚಾರಿಸುವುದರಿಂದಲೇ ಇದನ್ನು ಮೊದಲುಮಾಡಬಹುದು.